ಕೂಗುವವನು ಬೇರೆ, ಮುನಿಸಿಕೊಂಡವನು ಬೇರೆ

ಪ್ರಶ್ನೆ: ನಮ್ಮದು ಮುಳಬಾಗಿಲು ಕಡೆಯ ಐದು ಜನರ ಬ್ಯಾಂಡ್. ತತ್ವಪದ, ಜನಪದ ಗೀತೆಗಳನ್ನು ಗಿಟಾರ್, ಡ್ರಮ್ಸ್ ಜೊತೆ ಹಾಡುತ್ತೇವೆ. ಶುರುವಿನಿಂದ ಜೊತೆಗಿದ್ದ ಗಿಟಾರಿಸ್ಟ್ ಎಂಟು ತಿಂಗಳ ಹಿಂದೆ ಜಗಳ ಮಾಡಿಕೊಂಡು ಹೊರಗೆ ಹೋದ. ಹೋದ ತಿಂಗಳು ಮಾಲೂರು ಹತ್ತಿರ ಒಂದು ಕಾರ್ಯಕ್ರಮದಲ್ಲಿ ಅವನೂ ಅವನ ನಾಲ್ಕೈದು ಸ್ನೇಹಿತರೂ ಮುಂದೆ ನಿಂತು ‘ಟ್ಯೂನ್ ಕಳ್ಳರು’ ಅಂತ ಕೂಗಿದರು. ನಮ್ಮ ಹಾಡುಗಾರ ಸಿಟ್ಟಿಗೆದ್ದು ಮೈಕಿನಲ್ಲೇ ಬೈದ. ಅದರ ವಿಡಿಯೊ ಊರೆಲ್ಲ ಓಡಾಡಿತು. ನವೆಂಬರ್‌ನಲ್ಲಿ ಕೋಲಾರದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಇದೆ, ಬಯಲಿನಲ್ಲಿ. ಅವನು ಬಂದೇ ಬರುತ್ತಾನೆ. ಏನು ಮಾಡೋಣ? ಅವನನ್ನೇ ಒಂದು ಹಾಡಿಗೆ ಸ್ಟೇಜಿಗೆ ಕರೆದುಬಿಟ್ಟರೆ ಸರಿಹೋಗುತ್ತಾ?

ಉತ್ತರ: ನೀವು ಕಳಿಸಿದ ವಿಡಿಯೊವನ್ನು ಎರಡು ಸಲ ನೋಡಿದೆ. ಮೊದಲ ಸಲ ಬೈಗುಳ ಕೇಳಿದೆ. ಎರಡನೇ ಸಲ ಗಡಿಯಾರ ಇಟ್ಟುಕೊಂಡು ನೋಡಿದೆ. ಹಾಡು ಮುಗಿಯುತ್ತೆ, ಚಪ್ಪಾಳೆ ಬರುತ್ತೆ, ನಿಲ್ಲುತ್ತೆ. ನಿಮ್ಮ ಹೊಸ ಗಿಟಾರ್ ಹುಡುಗ ಬಗ್ಗಿ ತಂತಿ ಶ್ರುತಿ ಮಾಡಿಕೊಳ್ಳುತ್ತಾನೆ. ಡ್ರಮ್ಸ್‌ನವನು ನೀರು ಕುಡಿಯುತ್ತಾನೆ. ಹಾಡುಗಾರ ಕೈಯಲ್ಲಿ ಮೈಕ್ ಹಿಡಿದು ಸುಮ್ನೆ ನಿಂತಿದ್ದಾನೆ. ಇಪ್ಪತ್ತು ಸೆಕೆಂಡ್ ಆಯ್ತು. ಆಗ ಬಂತು ಮೊದಲನೇ ಕೂಗು. ಹಾಡು ನಡೆಯುವಾಗ ಒಂದೇ ಒಂದು ಕೂಗು ಇಲ್ಲ, ಗಮನಿಸಿದ್ರಾ?

ಜನ ಖಾಲಿ ಜಾಗದಲ್ಲಿ ಕೂಗುತ್ತಾರೆ. ಡ್ರಮ್ಸ್ ಮೇಲೆ ಕೂಗಿದರೆ ಯಾರಿಗೂ ಕೇಳಿಸಲ್ಲ, ಅದು ಕೂಗುವವನಿಗೂ ಗೊತ್ತು. ನೀವು ಬಿಟ್ಟ ಮೌನ ಅವನ ಮೈಕ್. ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ನುಡಿಸುತ್ತಾ ಶುರು ಮಾಡಿ, ಆಮೇಲೆ ನಿರೂಪಕನಾಗಿ, ಈಗ ಕಾರ್ಯಕ್ರಮ ಒಪ್ಪಿಸಿಕೊಂಡು ನಡೆಸುವವನಾಗಿ ನಾನು ಕಲಿತದ್ದರಲ್ಲಿ ಅರ್ಧ ಇದೇ.

ಹಾಗಾಗಿ ಮೊದಲ ಕೆಲಸ ಹಾಡುಗಳ ಪಟ್ಟಿ, ಅಂದರೆ ಸೆಟ್‌ಲಿಸ್ಟ್. ಹನ್ನೆರಡು ಹಾಡು ಅಂದರೆ ಹನ್ನೊಂದು ಸಂದು. ಒಂದೊಂದು ಸಂದಿಗೆ ಒಂದೂವರೆ ನಿಮಿಷ ಬಿಟ್ಟರೆ ಹದಿನಾರೂವರೆ ನಿಮಿಷ ಕೂಗುವವರಿಗೆ ಬರೆದುಕೊಟ್ಟ ಹಾಗೆ. ಒಂದೇ ಶ್ರುತಿಯ ಹಾಡುಗಳನ್ನು ಜೋಡಿ ಮಾಡಿ. ಕೇಪೋ (ಶ್ರುತಿ ಏರಿಸಲು ಗಿಟಾರ್ ಕತ್ತಿಗೆ ಹಾಕುವ ಕ್ಲಿಪ್) ಹಾಕುವ ಹಾಡುಗಳನ್ನು ಒಂದರ ಹಿಂದೆ ಒಂದು ಇಡಿ. ಗಿಟಾರ್ ಹುಡುಗ ಶ್ರುತಿ ಮಾಡುವಾಗ ಸದ್ದು ಆಚೆ ಬರದ ಹಾಗೆ ಟ್ಯೂನರ್ ಪೆಡಲ್ ಬಳಸಲಿ. ಆ ಹೊತ್ತಿನಲ್ಲಿ ತಮಟೆ ಅಥವಾ ಕಾಂಗೋ ಡ್ರಮ್ ಮೇಲೆ ಒಂದು ಮೆಲ್ಲನೆಯ ನಡೆ ಓಡುತ್ತಿರಲಿ, ಹಾಡುಗಾರ ಅದರ ಮೇಲೆ ಮಾತಾಡಲಿ. ತಮಟೆ ಅಂದಾಗ ಮೂಗು ಮುರಿಯಬೇಡಿ. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. ಈ ಸೀಮೆಯಲ್ಲಿ ತಮಟೆ ಸದ್ದು ಕೇಳಿದರೆ ಜನ ಅರ್ಧ ಮಾತು ಬಿಟ್ಟು ತಿರುಗಿ ನೋಡುತ್ತಾರೆ. ಅಷ್ಟು ಸುಲಭದಲ್ಲಿ ಗುಂಪಿನ ಗಮನ ಎಳೆಯುವ ವಾದ್ಯ ನನಗೆ ಬೇರೆ ಗೊತ್ತಿಲ್ಲ.

ಇನ್ನು ಕೂಗಿನ ವಿಷಯ. ಎಲ್ಲಾ ಕೂಗೂ ಒಂದೇ ಅಲ್ಲ.

ಕೋಲಾರದಲ್ಲಿ ನಿಮಗೆ ಬರುವ ಕೂಗಿನಲ್ಲಿ ಜಾಸ್ತಿ ಪಾಲು ಪ್ರೀತಿಯದು. ‘ತೆಲುಗು ಹಾಡ್ರಪ್ಪಾ’ ಅನ್ನುವವನು ನಿಮ್ಮ ವೈರಿ ಅಲ್ಲ. ಕೆಜಿಎಫ್ ಕಡೆಯಿಂದ ಬಂದವನು ತಮಿಳು ಕೇಳುತ್ತಾನೆ. ರಾಜ್ಯೋತ್ಸವದ ವೇದಿಕೆ ಅಂತ ಪಕ್ಕದವನು ಅವನ ಮೇಲೆ ರೇಗುತ್ತಾನೆ, ಅಲ್ಲಿಗೆ ಕೆಳಗೇ ಜಗಳ. ಇದನ್ನು ನೀವು ಮುಂಚೆಯೇ ತಪ್ಪಿಸಬಹುದು. ತತ್ವಪದ ಕಟ್ಟಿದ ಕೈವಾರ ತಾತಯ್ಯನವರು ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದವರು. ಅವರ ಒಂದು ಕನ್ನಡ ಪದ, ಬೆನ್ನಿಗೇ ಒಂದು ತೆಲುಗು ಪದ ಇಟ್ಟರೆ ಯಾರೂ ಬಾಯಿ ಬಿಡಲ್ಲ. ಈ ಕೂಗಿಗೆ ಉತ್ತರವೂ ಸುಲಭ. ‘ಅಣ್ಣಾ, ವಸ್ತುಂದಿ, ವಸ್ತುಂದಿ, ಎರಡು ಹಾಡು ಆದಮೇಲೆ’ (ಬರುತ್ತೆ, ಬರುತ್ತೆ) ಅಂತ ನಗುತ್ತಾ ಹೇಳಿ. ಹೇಳಿದ ಮೇಲೆ ಎರಡು ಹಾಡಿನ ನಂತರ ಹಾಡಲೇಬೇಕು ಅಷ್ಟೆ.

ಕಂಪನಿ ನಾಟಕದ ಕಾಲದಲ್ಲಿ ‘ಒನ್ಸ್ ಮೋರ್’ ಅಂತ ಕೂಗಿದರೆ ಸತ್ತ ಪಾತ್ರಧಾರಿಯೂ ಎದ್ದು ಬಂದು ಇನ್ನೊಮ್ಮೆ ಹಾಡುತ್ತಿದ್ದ ಅಂತ ಹಿರಿಯರು ನಗುತ್ತಾ ಹೇಳುತ್ತಾರೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಜಿಲ್ಲೆ ತುಮಕೂರು ನಮಗೆ ದೂರವೇನಲ್ಲ. ಮುಂದೆ ಕೂತವನು ಬಾಯಿ ಹಾಕುವುದು ನಮ್ಮ ರಂಗದ ಮೇಲೆ ಹೊಸದಲ್ಲ ಅಂತ ನೆನಪಿದ್ದರೆ ಅರ್ಧ ಸಿಟ್ಟು ಇಳಿಯುತ್ತೆ.

ಎರಡನೆಯದು ಎಣ್ಣೆ ಕೂಗು. ಇದಕ್ಕೆ ತರ್ಕ ಇಲ್ಲ, ಉತ್ತರವೂ ಬೇಡ. ಅವನ ಕಣ್ಣು ನೋಡಬೇಡಿ. ನೋಡಿದಿರಿ ಅಂದರೆ ನೆಂಟಸ್ತಿಕೆ ಬೆಳೆಯಿತು ಅಂತ ಅರ್ಥ. ಹಾಡು ಶುರು ಮಾಡಿ. ಸ್ಟೇಜ್ ಹತ್ತಲು ಬಂದರೆ ಕಮಿಟಿಯ ಸ್ವಯಂಸೇವಕ ಇಳಿಸಬೇಕು, ನಿಮ್ಮ ಡ್ರಮ್ಸ್‌ನವನು ಕೋಲು ಹಿಡಿದು ಎದ್ದು ಹೋಗಬಾರದು. ಸೌಂಡ್ ಚೆಕ್ ಹೊತ್ತಿಗೇ ಕಮಿಟಿಯವರಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಅವರ ನಂಬರ್ ನಿಮ್ಮಲ್ಲಿ ಒಬ್ಬನ ಹತ್ತಿರ ಇರಲಿ. ಅವರು ನಿಲ್ಲುವ ಜಾಗ ಹಾಡುಗಾರನಿಗೆ ಕಾಣುವ ಹಾಗಿರಲಿ, ಬಲಗೈ ಮೇಲೆತ್ತಿದರೆ ಬನ್ನಿ ಅಂತ ಸನ್ನೆ ಮಾತಾಡಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ತಾಳ್ಮೆ ಬೇಡ. ನಿಮ್ಮಲ್ಲಿ ಹಾಡುವ ಹೆಣ್ಣುಮಗಳು ಇದ್ದಾಳೋ ಇಲ್ಲವೋ ನೀವು ಬರೆದಿಲ್ಲ. ಇದ್ದು, ಅವಳ ಮೇಲೆ ಕೊಳಕು ಮಾತು ಬಂದರೆ ಅದನ್ನು ಕೂಗು ಅಂತ ಲೆಕ್ಕ ಹಿಡಿಯಬೇಡಿ. ಕಾರ್ಯಕ್ರಮ ಅಲ್ಲೇ ನಿಲ್ಲಿಸಿ. ಅವನನ್ನು ಆಚೆ ಕಳಿಸಿದ ಮೇಲೆ ಮುಂದುವರಿಸುವುದೋ ಬೇಡವೋ ಅವಳು ಹೇಳಬೇಕು, ನೀವಲ್ಲ, ಕಮಿಟಿಯೂ ಅಲ್ಲ. ಹೆಣ್ಣುಮಗಳ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಇದೆ, ಮೂರು ವರ್ಷದವರೆಗೆ ಜೈಲು. ತುರ್ತು ನಂಬರ್ 112ಕ್ಕೆ ಫೋನ್ ಮಾಡಲು ಯಾರ ಅಪ್ಪಣೆಯೂ ಬೇಡ.

ಮೂರನೆಯದು ನಿಮ್ಮ ಕಥೆ. ಇದಕ್ಕೆ ನಾನು ‘ಕಳಿಸಿದ ಕೂಗು’ ಅನ್ನುತ್ತೇನೆ. ಕೂಗುವ ನಾಲ್ಕು ಜನಕ್ಕೆ ನಿಮ್ಮ ಮೇಲೆ ಏನೂ ಇಲ್ಲ. ಅವರು ಸ್ನೇಹಿತನಿಗಾಗಿ ಬಂದವರು. ಒಂದು ಕಡೆ ಒತ್ತಾಗಿ ನಿಲ್ಲುತ್ತಾರೆ, ಒಂದೇ ಮಾತು ಕೂಗುತ್ತಾರೆ, ಕೂಗಿದ ಮೇಲೆ ತಿರುಗಿ ಅವನ ಮುಖ ನೋಡುತ್ತಾರೆ. ನಿಮ್ಮ ವಿಡಿಯೊದಲ್ಲೂ ಅದೇ ಇದೆ.

ಇದಕ್ಕೆ ಮೈಕಿನಲ್ಲಿ ಉತ್ತರ ಕೊಡುವುದು ಎಷ್ಟು ದುಬಾರಿ ಅಂತ ನನ್ನ ಕಥೆಯನ್ನೇ ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ನಿರೂಪಣೆ ಮಾಡುತ್ತಿದ್ದೆ. ಒಬ್ಬ ಪದೇ ಪದೇ ‘ಕುತ್ಕೊಳೋ ಸಾಕು’ ಅಂದ. ನಾನೂ ಹುಡುಗ. ‘ಅಣ್ಣನಿಗೆ ಮನೇಲಿ ಮಾತಾಡೋಕೆ ಬಿಡಲ್ಲ ಅನ್ಸುತ್ತೆ, ಇಲ್ಲಿ ಬಂದು ಮಾತಾಡ್ತಾ ಇದ್ದಾರೆ’ ಅಂದೆ. ಜನ ಹೋ ಅಂತ ನಕ್ಕರು. ನನಗೋ ಗೆದ್ದ ಹಾಗೆ. ಅವನು ಕಮಿಟಿ ಅಧ್ಯಕ್ಷರ ಅಳಿಯ. ಪಕ್ಕದಲ್ಲೇ ಹೆಂಡತಿ ಕೂತಿದ್ದಳು. ರಾತ್ರಿ ಬಾಕಿ ಪೇಮೆಂಟ್ ಕೇಳಲು ಹೋದರೆ ‘ನಾಳೆ ಬನ್ನಿ’ ಅಂದರು. ಆ ನಾಳೆ ಇನ್ನೂ ಬಂದಿಲ್ಲ. ನನ್ನೊಬ್ಬನ ನಾಲಿಗೆಗೆ ಒಂಬತ್ತು ಜನ ಕಲಾವಿದರು ಅರ್ಧ ಸಂಬಳದಲ್ಲಿ ವ್ಯಾನ್ ಹತ್ತಿದರು. ದಾರಿಯುದ್ದಕ್ಕೂ ಕೀಬೋರ್ಡ್‌ನವರು ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಮೈಕ್ ಹಿಡಿದವನ ಮಾತು ಕೆಳಗಿನವನ ಮಾತಿಗಿಂತ ನೂರು ಪಟ್ಟು ದೊಡ್ಡದು. ಅವನು ಬೈದದ್ದು ಮೂರು ಸಾಲಿಗೆ ಕೇಳುತ್ತೆ, ನೀವು ಬೈದದ್ದು ಬಸ್ ಸ್ಟ್ಯಾಂಡಿಗೆ ಕೇಳುತ್ತೆ. ಈಗ ಮೊಬೈಲ್ ಬೇರೆ. ಜನ ವಿಡಿಯೊ ಹಂಚುವುದೇ ನೀವು ಕೊಟ್ಟ ಉತ್ತರಕ್ಕಾಗಿ. ನಿಮ್ಮದರಲ್ಲೂ ‘ಟ್ಯೂನ್ ಕಳ್ಳರು’ ಅನ್ನುವುದು ಒಂದೇ ಸಲ ಇದೆ, ನಿಮ್ಮ ಹಾಡುಗಾರನ ಬೈಗುಳ ನಲವತ್ತು ಸೆಕೆಂಡ್ ಇದೆ. ನೋಡಿದ ಜನ ಯಾರನ್ನು ತಪ್ಪು ಅಂದರು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಹಾಗಾದರೆ ಉತ್ತರ ಕೊಡಲೇಬಾರದಾ? 1966ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಕಾರ್ಯಕ್ರಮ ನಡೆಯುತ್ತಿತ್ತು. ಬರೀ ಅಕೂಸ್ಟಿಕ್ ಗಿಟಾರ್ ಹಿಡಿದು ಹಾಡುತ್ತಿದ್ದವನು ಎಲೆಕ್ಟ್ರಿಕ್ ಗಿಟಾರ್ ಹಿಡಿದ ಅಂತ ಹಳೇ ಅಭಿಮಾನಿಗಳಿಗೆ ಕೋಪ. ಒಬ್ಬ ಎರಡು ಹಾಡಿನ ಸಂದಿನಲ್ಲಿ ‘ಜೂದಾಸ್’ ಅಂತ ಕೂಗಿದ. ಯೇಸುವನ್ನು ಹಿಡಿದುಕೊಟ್ಟವನ ಹೆಸರು. ಅದಕ್ಕಿಂತ ದೊಡ್ಡ ಬೈಗುಳ ಆ ಜನಕ್ಕೆ ಇಲ್ಲ. ಡಿಲನ್ ಹೇಳಿದ್ದು ಎರಡೇ ಮಾತು: ನಿನ್ನ ಮಾತು ನಂಬಲ್ಲ, ನೀನು ಸುಳ್ಳುಗಾರ. ಆಮೇಲೆ ಬ್ಯಾಂಡಿನ ಕಡೆ ತಿರುಗಿ ಜೋರಾಗಿ ನುಡಿಸಿ ಅಂದ, ಹಾಡು ಶುರುವಾಯಿತು. ಅವನ ಉತ್ತರ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಚಿಕ್ಕದಾಗಿತ್ತು, ಮತ್ತೆ ಬೆನ್ನಿಗೇ ಹಾಡು ಇತ್ತು. ಅಲ್ಲೂ ಕೂಗು ಬಂದದ್ದು ಸಂದಿನಲ್ಲೇ, ನೋಡಿ.

ನಿಮಗೆ ನಾನು ಕೊಡುವ ಲೆಕ್ಕ: ಒಂದು ವಾಕ್ಯ, ನಗುಮುಖ, ಮೂರು ಸೆಕೆಂಡಿನೊಳಗೆ ಡ್ರಮ್ಸ್. ಮೈಕ್ ಬಾಯಿಗೆ ಹತ್ತಿರ ತಂದು, ದನಿ ತಗ್ಗಿಸಿ ಹೇಳಬೇಕು. ದನಿ ಏರಿದರೆ ಸೋತಂತೆ ಕೇಳುತ್ತೆ. ಡ್ರಮ್ಸ್‌ನವನಿಗೆ ಮೊದಲೇ ಹೇಳಿಡಿ: ಹಾಡುಗಾರ ಎರಡನೇ ವಾಕ್ಯಕ್ಕೆ ಬಾಯಿ ತೆರೆದರೆ ಕಾಯಬೇಡ, ಕೋಲು ತಟ್ಟಿ ಎಣಿಸಿ ಹೊಡೆದುಬಿಡು ಅಂತ. ಇದನ್ನು ನಾಲ್ಕು ಸಲ ಪ್ರಾಕ್ಟೀಸ್ ಮಾಡಿ. ಹಾಡು ಪ್ರಾಕ್ಟೀಸ್ ಮಾಡಿದ ಹಾಗೇ. ನಿಮ್ಮಲ್ಲೇ ಒಬ್ಬ ಕೆಳಗೆ ನಿಂತು ‘ಟ್ಯೂನ್ ಕಳ್ಳರು’ ಅಂತ ಕೂಗಲಿ. ಮೊದಲ ಸಲ ನಿಮ್ಮ ಹಾಡುಗಾರನ ಕಿವಿ ಕೆಂಪಾಗುತ್ತೆ, ನಾಲ್ಕನೇ ಸಲಕ್ಕೆ ನಗು ಬರುತ್ತೆ.

ಬಯಲಿನ ಕಾರ್ಯಕ್ರಮ ಅಂದಿದ್ದೀರಿ. ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಬೇಕು, ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮ. ಹಬ್ಬ ಹರಿದಿನಕ್ಕೆ ಸರ್ಕಾರ ವರ್ಷದಲ್ಲಿ 15 ದಿನ ಮೀರದ ಹಾಗೆ ಹನ್ನೆರಡರವರೆಗೆ ಸಡಿಲ ಕೊಡಬಹುದು, ಆದರೆ ನಿಮ್ಮ ಕಾರ್ಯಕ್ರಮಕ್ಕೆ ಅದು ಇದೆಯೋ ಇಲ್ಲವೋ ಆಯೋಜಕರನ್ನು ಕೇಳಿ ತಿಳಿದುಕೊಳ್ಳಿ. ಭಾಷಣ, ಸನ್ಮಾನ ಮುಗಿದು ನಿಮ್ಮ ಕೈಗೆ ಸ್ಟೇಜ್ ಬರುವುದೇ ಎಂಟೂವರೆಗೆ ಅಂದುಕೊಳ್ಳಿ. ಅದರಲ್ಲಿ ಹತ್ತು ನಿಮಿಷ ಜಗಳಕ್ಕೆ ಕೊಟ್ಟರೆ ಎರಡು ಹಾಡು ಹೋಯ್ತು.

ಇನ್ನೊಂದು ಸಣ್ಣ ವಿಷಯ, ಆದರೆ ಮಾಡಿ. ಸೌಂಡ್ ಮಿಕ್ಸರ್ ಜನರ ನಡುವೆ ಇರುತ್ತೆ. ಹಳೇ ಸದಸ್ಯನಿಗೆ ಸೌಂಡ್‌ನವರೆಲ್ಲ ಪರಿಚಯ. ‘ನಾನೂ ಅವರ ಬ್ಯಾಂಡೇ’ ಅಂತ ಹೋಗಿ ಪಕ್ಕದಲ್ಲಿ ನಿಂತರೆ ಯಾರೂ ಬೇಡ ಅನ್ನಲ್ಲ. ಸ್ಟೇಜ್ ಮೇಲೆ ಇರುವವರು ಹೇಳಿದ್ದನ್ನು ಬಿಟ್ಟು ಬೇರೆ ಯಾರ ಮಾತಿಗೂ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಮುಟ್ಟಬೇಡಿ ಅಂತ ಸೌಂಡ್‌ನವರಿಗೆ ಮೊದಲೇ ಹೇಳಿ. ಅವನ ಹೆಸರು ಎತ್ತುವ ಅಗತ್ಯ ಇಲ್ಲ.

ಈಗ ಅವನ ವಿಷಯಕ್ಕೆ ಬರೋಣ. ಇಷ್ಟು ಹೊತ್ತು ಹೇಳಿದ್ದು ಆ ನಾಲ್ಕು ಜನರನ್ನು ಸಂಭಾಳಿಸಲು ಸಾಕು, ಅವನಿಗೆ ಸಾಲದು. ಕೂಗುವವನಿಗೆ ಬೇಕಾದದ್ದು ಒಂದು ನಿಮಿಷದ ಗಮನ. ಮುನಿಸಿಕೊಂಡವನಿಗೆ ಬೇಕಾದದ್ದು ಲೆಕ್ಕ. ಲೆಕ್ಕವನ್ನು ಸ್ಟೇಜ್ ಮೇಲೆ ಚುಕ್ತಾ ಮಾಡಲು ಆಗಲ್ಲ. ಅದಕ್ಕೇ ನಿಮ್ಮ ಕಡೆಯ ಪ್ರಶ್ನೆಗೆ ನನ್ನ ಉತ್ತರ ಬೇಡ ಅಂತಲೇ. ಒಳಗೆ ಸಿಟ್ಟು ಇಟ್ಟುಕೊಂಡವನ ಕೈಗೆ ಸಾವಿರ ಜನರ ಮುಂದೆ ಗಿಟಾರ್, ಎದುರಿಗೊಂದು ಮೈಕ್ ಕೊಟ್ಟು, ಒಳ್ಳೆಯದಾಗಲಿ ಅಂತ ಕಣ್ಣು ಮುಚ್ಚಿಕೊಳ್ಳುವುದು ಧೈರ್ಯ ಅಲ್ಲ. ಹೊಸ ಹುಡುಗನ ಗತಿ ಯೋಚನೆ ಮಾಡಿದ್ರಾ? ಅವನು ಗಿಟಾರ್ ಕಳಚಿ ಪಕ್ಕಕ್ಕೆ ನಿಂತು ನೋಡಬೇಕಾ? ಈ ಜಗಳದಲ್ಲಿ ಏನೂ ಮಾಡದೆ ಏಟು ತಿನ್ನುತ್ತಿರುವವನು ಅವನೊಬ್ಬನೇ. ನಿಮ್ಮ ಪತ್ರದಲ್ಲಿ ಅವನ ಬಗ್ಗೆ ಒಂದು ಸಾಲೂ ಇರಲಿಲ್ಲ.

‘ಟ್ಯೂನ್ ಕಳ್ಳರು’ ಅನ್ನುವ ಮಾತನ್ನು ಬೈಗುಳ ಅಂತ ತಳ್ಳಿಹಾಕಬೇಡಿ. ಅದರಲ್ಲಿ ಒಂದು ಹಕ್ಕಿನ ಮಾತಿದೆ. ನೀವು ಹಾಡುವ ತತ್ವಪದಗಳ ಸಾಹಿತ್ಯ ಯಾರಪ್ಪನ ಸ್ವತ್ತೂ ಅಲ್ಲ. ತಾತಯ್ಯನವರು ತೀರಿಕೊಂಡದ್ದು 1836ರಲ್ಲಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಬರೆದವರು ಹೋದ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತೆ, ಆಮೇಲೆ ಅದು ಎಲ್ಲರದು. ಆದರೆ ಹಳೇ ಸಾಹಿತ್ಯಕ್ಕೆ ಅವನು ಹೊಸದಾಗಿ ಒಂದು ಧಾಟಿ ಕಟ್ಟಿದ್ದರೆ ಆ ಧಾಟಿ ಅವನದೇ. ಸಾಹಿತ್ಯ ಬೇರೆ, ಸಂಗೀತ ಬೇರೆ ಅಂತ ಕಾಯ್ದೆಯೇ ಹೇಳುತ್ತೆ. ರಿಜಿಸ್ಟರ್ ಮಾಡಿಸಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗಲ್ಲ. ಇಬ್ಬರು ಕೂತು ಕಟ್ಟಿದ್ದರೆ ಇಬ್ಬರದು. ಬೇರೆ ಯಾರೋ ಕಟ್ಟಿದ್ದನ್ನು ಅವನು ಬರೀ ನುಡಿಸಿದ್ದರೆ ಧಾಟಿಯ ಮೇಲೆ ಅವನ ಹಕ್ಕಿಲ್ಲ.

ಹಾಗಾಗಿ ನೀವು ಐದೂ ಜನ ಕೂತು, ಹಾಡು ಹಾಡಾಗಿ ತೆಗೆದು, ನಿಜ ಮಾತಾಡಿಕೊಳ್ಳಿ. ಯಾವುದು ಅವನ ಕೈಯಲ್ಲಿ ಹುಟ್ಟಿತು? ಮೂರು ಹಾಡು ಅವನದು ಅಂತ ನಿಮಗೇ ಗೊತ್ತಿದ್ದರೆ ಆ ಮೂರು ಹಾಡನ್ನು ಕೋಲಾರದ ಪಟ್ಟಿಯಿಂದ ತೆಗೆಯಿರಿ, ಇಲ್ಲವೇ ಅವನ ಒಪ್ಪಿಗೆ ತಗೊಳ್ಳಿ. ‘ಎಲ್ಲರೂ ಸೇರಿ ಮಾಡಿದ್ದು’ ಅನ್ನುವ ಮಾತು ಬ್ಯಾಂಡ್ ಒಗ್ಗಟ್ಟಾಗಿರುವಾಗ ಚೆಂದ. ಒಡೆದ ದಿನ ಅದರಷ್ಟು ತಲೆನೋವು ಬೇರೆ ಇಲ್ಲ.

ಬ್ಯಾಂಡಿನ ಹೆಸರಿನದೂ ಹಾಗೇ. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಅನ್ನುವಂಥ ದೊಡ್ಡ ರಾಕ್ ಬ್ಯಾಂಡೇ ಇದಕ್ಕೆ ಜಗಳವಾಡಿತು. ಅದರ ಸದಸ್ಯ ರೋಜರ್ ವಾಟರ್ಸ್ 1985ರಲ್ಲಿ ಆಚೆ ಬಂದ, ನಾನಿಲ್ಲದೆ ಆ ಹೆಸರು ಇರಬಾರದು ಅಂತ ಮರುವರ್ಷ ಲಂಡನ್ನಿನ ಕೋರ್ಟಿಗೆ ಹೋದ. 1987ರ ಕೊನೆಗೆ ರಾಜಿಯಾಗಿ ಉಳಿದವರಿಗೇ ಹೆಸರು ಉಳಿಯಿತು. ನಿಮ್ಮ ಬ್ಯಾಂಡಿನ ಹೆಸರು ಯಾರು ಇಟ್ಟದ್ದು, ಪೇಜು, ಚಾನೆಲ್‌ಗಳ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಅವನ ಹತ್ತಿರವೇ ಇದ್ದರೆ ಅದನ್ನೂ ಮಾತಿನಲ್ಲಿ ತನ್ನಿ. ರಾಜಿ ಆದ ಮೇಲೆ ಟ್ರೇಡ್‌ಮಾರ್ಕ್ ಹಾಕಿಸಿ. ಮನರಂಜನೆಗೆ 41ನೇ ವರ್ಗ, ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಹಾಕಿದರೆ ಶುಲ್ಕ 4,500 ರೂಪಾಯಿ, ಹತ್ತು ವರ್ಷ ಇರುತ್ತೆ. ರಾಜಿಗೆ ಮುಂಚೆ ಹಾಕಬೇಡಿ. ಅವನಿಗೆ ಗೊತ್ತಾದರೆ, ಗೊತ್ತಾಗೇ ಆಗುತ್ತೆ, ಕೋಲಾರಕ್ಕೆ ನಾಲ್ಕು ಜನರ ಬದಲು ನಲವತ್ತು ಜನ ಬರುತ್ತಾರೆ.

ದುಡ್ಡಿನ ವಿಷಯ ನೀವು ಪತ್ರದಲ್ಲಿ ಬರೆದೇ ಇಲ್ಲ. ಬರೆಯದೇ ಇದ್ದದ್ದಕ್ಕೇ ನನಗೆ ಅನುಮಾನ. ಎಲ್ಲರೂ ಸೇರಿ ಕೊಂಡ ಆಂಪ್ಲಿಫೈಯರ್, ಡ್ರಮ್ಸ್‌ನಲ್ಲಿ ಅವನ ಪಾಲು ಎಷ್ಟು? ಅವನು ಹೋಗುವ ಮುಂಚಿನ ಕಾರ್ಯಕ್ರಮದ ಬಾಕಿ ಆಮೇಲೆ ಬಂದಿದ್ದರೆ ಅದರಲ್ಲಿ ಅವನಿಗೆ ಕೊಟ್ರಾ? ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಎಂಟು ಜಗಳ ಸಂಗೀತದ ಹೆಸರಲ್ಲಿ ನಡೆಯುತ್ತೆ, ಬೇರು ಮೂರು ಸಾವಿರ ರೂಪಾಯಿಯಲ್ಲಿ ಇರುತ್ತೆ. ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಕೊಡಬೇಕಾದದ್ದು ಇದ್ದರೆ ಕವರಲ್ಲಿ ಹಾಕಿ ಜೊತೆಗೆ ಒಯ್ಯಿರಿ.

ಭೇಟಿಗೆ ಐದೂ ಜನ ಹೋಗಬೇಡಿ, ಅದು ಪಂಚಾಯ್ತಿ ಆಗುತ್ತೆ. ಮೈಕಿನಲ್ಲಿ ಬೈದ ಹಾಡುಗಾರ ಹೋಗಲಿ, ಜೊತೆಗೆ ಇಬ್ಬರಿಗೂ ಬೇಕಾದ ಒಬ್ಬ ಹಿರಿಯರು. ನಿಮಗೆ ಗಿಟಾರ್ ಕಲಿಸಿದ ಮೇಷ್ಟ್ರೋ, ಮೊದಲ ಕಾರ್ಯಕ್ರಮ ಕೊಡಿಸಿದವರೋ. ಬೆಳಗ್ಗೆ ಹೊತ್ತು, ಟೀ ಅಂಗಡಿ. ಸಂಜೆ ಬೇಡ, ಸಂಜೆ ಭೇಟಿ ಬಾರಿಗೆ ಹೋಗಿ ಮುಗಿಯುತ್ತೆ. ಮೊದಲ ಮಾತು ‘ಅವತ್ತು ಮೈಕಲ್ಲಿ ಬೈದದ್ದು ನನ್ನ ತಪ್ಪು ಕಣೋ’ ಅಂತಿರಲಿ, ಅದರ ಬೆನ್ನಿಗೆ ‘ಆದ್ರೆ ನೀನು’ ಬರಬಾರದು. ಆಮೇಲೆ ಲೆಕ್ಕ. ಆಮೇಲೆ ಹಾಡಿನ ಪಟ್ಟಿ. ಒಪ್ಪಿದ್ದನ್ನು ಅಲ್ಲೇ ಕೈಬರಹದಲ್ಲಿ ಬರೆದು ಮೂವರೂ ಸಹಿ ಹಾಕಿ. ಅವನು ಎದ್ದು ಹೋದರೆ ಹೋಗಲಿ, ಕವರ್ ಹಿರಿಯರ ಕೈಗೆ ಕೊಟ್ಟು ಬನ್ನಿ. ಅಲ್ಲಿಗೂ ನಿಲ್ಲದೆ ಹೊಡೀತೀನಿ, ಸ್ಟೇಜ್ ಮುರೀತೀನಿ ಅಂತ ಬೆದರಿಕೆ ಹಾಕಿದರೆ ಆ ಮೆಸೇಜ್ ಉಳಿಸಿಕೊಂಡು ಠಾಣೆಯಲ್ಲೂ ಕಮಿಟಿಯವರಿಗೂ ಮೊದಲೇ ತಿಳಿಸಿ.

ಕೋಲಾರದಲ್ಲಿ ಇದೊಂದು ಮಾಡಿ. ಒಪ್ಪಿಗೆ ಸಿಕ್ಕಿ ಅವನ ಧಾಟಿಯ ಹಾಡು ಹಾಡುವ ಹಾಗಿದ್ದರೆ, ಶುರುವಿಗೆ ಮುಂಚೆ, ಯಾರೂ ಕೂಗುವ ಮುಂಚೆ, ನೀವೇ ಹೇಳಿ: ‘ಈ ಹಾಡಿಗೆ ಧಾಟಿ ಹಾಕಿದ್ದು ನಮ್ಮ ಜೊತೆ ಮೊದಲಿಂದ ಇದ್ದ ಗೆಳೆಯ’ ಅಂತ ಅವನ ಹೆಸರು ಹೇಳಿ, ‘ಅವನಿಗೊಂದು ಚಪ್ಪಾಳೆ’ ಅನ್ನಿ. ವ್ಯಂಗ್ಯ ಬೆರೆಸಬೇಡಿ, ಕಣ್ಣು ಹಾಯಿಸಿ ಅವನನ್ನು ಹುಡುಕಬೇಡಿ. ಸಾವಿರ ಜನ ಚಪ್ಪಾಳೆ ತಟ್ಟಿದ ಮೇಲೆ ‘ಕಳ್ಳರು’ ಅನ್ನಲು ಅವನ ಸ್ನೇಹಿತರಿಗೇ ನಾಲಿಗೆ ಹೊರಳಲ್ಲ. ಆಮೇಲೆ ಹೊಸ ಹುಡುಗನ ಹೆಸರೂ ಹೇಳಿ, ಅಷ್ಟೇ ಗಟ್ಟಿಯಾಗಿ. ‘ಇವನು ಅವನಿಗಿಂತ’ ಅನ್ನುವ ಮಾತು ಮಾತ್ರ ಬಾಯಿಗೆ ಬರಬಾರದು.

ಟ್ಯೂನರ್ ಪೆಡಲ್ ಬಗ್ಗೆ ಇನ್ನೊಮ್ಮೆ ಹೇಳುತ್ತೇನೆ. ವಿಡಿಯೊದಲ್ಲಿ ಹೊಸ ಹುಡುಗ ಕಿವಿ ಕೊಟ್ಟು, ತಂತಿ ಮೀಟಿ ಶ್ರುತಿ ಮಾಡುತ್ತಿದ್ದ. ಹಳೇ ಫೋಟೋಗಳಲ್ಲಿ ಒಂದು ಪೆಡಲ್ ಕಾಣುತ್ತೆ, ಬಹುಶಃ ಹಳೇ ಗಿಟಾರಿಸ್ಟ್ ಹೋಗುವಾಗ ತಗೊಂಡು ಹೋಗಿದ್ದಾನೆ. ಟೀ ಅಂಗಡಿಯಲ್ಲಿ ಅದನ್ನು ಕೇಳಬೇಡಿ. ಹೊಸದು ಕೊಂಡುಕೊಳ್ಳಿ.